ಟೇಪಿನ ಸೊನ್ನಿ ತುದಿ

ನಾ ಹಿಡಿಯೋದು ಯಾವಾಗಲೂ ಸೊನ್ನಿ ತುದಿ.
ಆ ಕಡೆ ತುದಿ, ಅಂಕಿ ಓದೋ ತುದಿ,
ಹಾದಿಮನಿ ಸಾಹೇಬ್ರದು.
ಇಪ್ಪತ್ತೆರಡು ವರ್ಷ ಗದಗ-ಬೆಟಗೇರಿ ಹಿಂಗ ಅಳದೇವಿ:
ಗಟಾರ, ಗೋಡಿ, ಅಣ್ಣತಮ್ಮರ ಜಗಳದ ಸಂದಿ,
ಮಂಗಲ ಕಾರ್ಯಾಲಯದ ಪಾರ್ಕಿಂಗ್.

ಕಾಯ್ದೆ ಬದಲಾದ ಮುಂದಿನ ಸೋಮವಾರ
ಪರವಾನಗಿ ಕೌಂಟರಿಗೆ ಶಾವಂತ್ರೆವ್ವ ಬಂದ್ಲು.
ಕೈಯಾಗ ಕರೆಂಟ್ ಬಿಲ್ಲು, ಮನಿ ಉತಾರ,
ಎರಡು ಫೋಟೊ, ಒಂದರಾಗ ಚಷ್ಮಾ ಐತಿ, ಒಂದರಾಗ ಇಲ್ಲ.
"ಇನ್ನ ಗುನ್ನೆ ಅಲ್ಲಂತಲ್ರಿ. ಹಂಗಾರ ಚೀಟಿ ಕೊಡ್ರಿ."

ಕ್ಲರ್ಕ ಉದ್ದಿಮೆಗಳ ದೊಡ್ಡ ಯಾದಿ ತಗದ.
ಹಿಟ್ಟಿನ ಗಿರಣಿ ಐತಿ, ಚುರುಮುರಿ ಭಟ್ಟಿ ಐತಿ,
ಹಳೇ ಗೋಣಿಚೀಲದ ವ್ಯಾಪಾರ, ಬ್ಯಾಟರಿ ಚಾರ್ಜಿಂಗ್,
ಸತ್ತ ದನದ ಎಲುಬಿನ ಗೋದಾಮಿಗೂ ಒಂದು ನಂಬರ್ ಐತಿ.
ಆಕಿದ ಇಲ್ಲ.
"ಇತರೆ" ಅಂತ ಬರದ. ಅಳಿಸಿದ.
ಮತ್ತ "ಇತರೆ" ಅಂತನ ಬರದ.

ಆಮ್ಯಾಲ ಬೋರ್ಡಿನ ಕಲಮು:
ಕನ್ನಡ ದೊಡ್ಡದಿರಬೇಕು, ನೂರಕ್ಕ ಅರವತ್ತು ಪಾಲು.
ಶಾವಂತ್ರೆವ್ವ ಒಂದೀಟು ಹೊತ್ತು ಸುಮ್ಮನ ನಿಂತ್ಲು.
"ಕನ್ನಡದಾಗ ನಮಗ ಇರೋ ಹೆಸರೆಲ್ಲಾ ಬೈಗಳ ಅದಾವ್ರಿ.
ಯಾವುದನ್ನ ದೊಡ್ಡದಾಗಿ ಬರಸ್ಲಿ?"
ಕ್ಲರ್ಕ ಪಂಖಾ ನೋಡಿದ.
ಪಂಖಾ ತಿರಗಾಕತ್ತಿತ್ತು.

ಮ್ಯಾಲಿನ ಖೋಲ್ಯಾಗ ಸಾಹೇಬ್ರು ನಕಾಶಿ ಹಾಸಿದ್ರು.
ಸಾಲಿಗೆ ನೂರು ಮೀಟರ್, ಗುಡಿಗೆ ನೂರು, ಮಸೂತಿಗೆ, ಚರ್ಚಿಗೆ,
ದವಾಖಾನಿ, ಅಂಗನವಾಡಿ,
ಟ್ಯೂಷನ್ ಕ್ಲಾಸೂ ಸಾಲೀನ ಅಂದ್ರು ಒಬ್ಬ ಮೆಂಬರ್ರು.
ಕಂಪಾಸ ಊರಿ ಊರಿ ಗುಂಡ ಎಳದ್ರು.
ಸಂಜಿ ಅನ್ನೋದ್ರಾಗ ಉಳದ ಬಿಳಿ ಜಾಗಾ ಎರಡ:
ಕೆರಿ ನಟ್ಟನಡುವಿನ ನೀರು,
ಮತ್ತ ಕಸದ ದಿಬ್ಬ.
ಆಕಿ ನೋಡಿ ನಕ್ಕಳು:
"ಊರಿಗೆಲ್ಲಾ ಬಳಿ ಇಡಿಸೀರಲ್ರೀ ಸಾಹೇಬ್ರ.
ಕೆರಿ ಒಂದು ಬೋಳಗೈಲೆ ಉಳೀತು."

ಬುಧವಾರ ಜಾಗಾ ನೋಡಾಕ ಹೋದ್ವಿ.
ಎಡಕ್ಕಿನ ಮನ್ಯಾಗ ನಾಕು ಮಗ್ಗ, ಖಟಕ್ ಖಟಕ್,
ಎದುರಿದ್ದವರ ಮಾತು ಕೇಳೂದಿಲ್ಲ.
ಅದು ಗೃಹೋದ್ಯೋಗ, ವಸತಿ ಪ್ರದೇಶದಾಗ ನಡೀತೈತಿ.
"ನನ್ನ ಮನ್ಯಾಗ ಸಪ್ಪಳಿಲ್ಲ, ಮೋಟಾರಿಲ್ಲ,
ಬಣ್ಣದ ನೀರು ಗಟಾರಕ್ಕ ಬಿಡೂದಿಲ್ಲ.
ನಾನು, ಗಂಗೂ, ಮಾಬುಬಿ, ಒಬ್ಬೊಬ್ಬರಿಗೆ ಒಂದ ಖೋಲಿ.
ಮೂರು ಮಂದಿ ಒಂದ ಸೂರಿನಡಿ ಇದ್ರ
ಅದು ಮನಿಯೋ, ಅಂಗಡಿಯೋ? ನೀವ ಹೇಳ್ರಿ."
ಸಾಹೇಬ್ರು ಬರಕೊಂಡ್ರು.
ಬರಕೊಂಡಿದ್ದು ಉತ್ತರೋ ಪ್ರಶ್ನಿನೋ ಗೊತ್ತಿಲ್ಲ.

ಸೊನ್ನಿ ಆಕಿ ಹೊಸ್ತಿಲಿಗೆ ಇಟ್ಟೆ.
ಟೇಪು ಓಣಿ ತುಂಬ ಹರಕೊಂತ ಹೋತು,
ಮಲಗಿದ ಆಡು ದಾಟಿ, ನೂಲು ಹೇರಿದ ಸೈಕಲ್ ದಾಟಿ,
ಸಾಲಿ ಗೇಟಿಗೆ.
"ತೊಂಬತ್ನಾಲ್ಕು!" ಒದರಿದ್ರು ಸಾಹೇಬ್ರು.
ಆರು ಮೀಟರ್ ಕಡಿಮಿ.

ಸಾಲಿ ಬಂದು ಹನ್ನೊಂದು ವರ್ಷ. ಆಕಿ ಬಂದು ಮೂವತ್ತು.
ಸಾಲಿಯ ಮೊದಲನೇ ಹಾಜರಿ ಪುಸ್ತಕದಾಗ
ಆಕಿ ಮಗಳ ಹೆಸರೈತಿ,
ಕಂಪೌಂಡ ಅಳಿಯಾಕ ಹೋದಾಗ ನಾ ನೋಡೇನಿ.

ನಮ್ಮದು ಅರಿವಿ ಟೇಪು.
ಸಡಲ ಬಿಟ್ರ ಓಣಿ ಒಂದು ಗೇಣು ಉದ್ದಾಗತೈತಿ.
ಆರು ಮೀಟರ್ ಆಗೂದಿಲ್ಲ.
ಆಗತಿದ್ರ ಏನ ಮಾಡತಿದ್ದೆ, ಕೇಳಬ್ಯಾಡ್ರಿ.
ಮೊದಲ ತಿಂಗಳಾ ತಿಂಗಳಾ ಇಲ್ಲಿ ಬರೋರು
ಟೇಪು ತರತಿರಲಿಲ್ಲ.
ತಗೊಂಡಿದ್ದಕ್ಕ ಚೀಟೀನೂ ಕೊಡತಿರಲಿಲ್ಲ.

ಆಕಿ ಹಿತ್ತಲಕ್ಕ ಹೋಗಿ ಗೋಡಿ ಬಡದು ನೋಡಿದ್ಲು.
"ಬಾಗಲಾ ಕಿತ್ತು ಇಲ್ಲಿ ಇಟ್ರ?
ಸುತ್ತ ಹಾಕಿ ಬರಬೇಕಾಗತೈತಿ. ಆವಾಗ ಅಳೀರಿ."
ಹೊಸ ಬಾಗಲಕ್ಕ ಬ್ಯಾರೆ ಅರ್ಜಿ, ಅಂದ್ರು ಸಾಹೇಬ್ರು,
ಕಟ್ಟಡ ವಿಭಾಗ, ಎರಡನೇ ಮಹಡಿ.
"ಫೀ ಎಷ್ಟ್ರಿ?"
ಪರ್ಸು ತಗದ್ಲು, ಎಣಿಸಿದ್ಲು.
"ಚೀಟಿ ಕೊಡತಾರಲ್ಲ?"

ನಾ ಟೇಪು ಸುತ್ತಾಕತ್ತಿದ್ದೆ.
ಮುಂದಿನ ಸಲ ಸೊನ್ನಿ ಎಲ್ಲಿ ಹಿಡೀಬೇಕಂತ
ಆಕಿ ಇದ್ದಲಿಲೆ
ಗೋಡಿಗೆ ಒಂದು ಗುರುತು ಹಾಕಿದ್ಲು.